ತೊಗರಿ ಚೀಲದಾಗಿನ ಕೆಮ್ಮು

"ಯೋಗೀ, ಅಲ್ಲಿ ಏನ್ ಮಾಡ್ಲತ್ತಿ?" ಅಡಗಿಮನ್ಯಾಗಿಂದ ಅವ್ವನ ಧ್ವನಿ ಬಂತು.

ಯೋಗಿತಾನ ಬಲಗೈ ಮೊಳಕೈ ಮಟ ತೊಗರಿ ಚೀಲದಾಗ ಮುಳುಗಿತ್ತು. ಆ ಕೈಯಾಗ ಆಯಿ ಹಾಡು ಕೇಳೋ ಕೆಂಪು ಪ್ಲೇಯರ್ ಇತ್ತು. "ಏನಿಲ್ಲವ್ವಾ, ತೊಗರಿ ನೋಡ್ಲತ್ತೀನಿ," ಅಂದಳು. ಸಾಲಿಯಿಂದ ಬಂದು ದಪ್ತರ ಇಳಿಸೋ ಮೊದಲ ತೊಗರಿ ನೋಡೋ ಹುಡುಗಿ ಇಡೀ ಗುಂಜೋಟಿ ಊರಾಗ ಈಕಿ ಒಬ್ಬಾಕಿನ ಇರಬೇಕು. ಪುಣ್ಯಾಕ್ಕ ಅವ್ವಗ ರೊಟ್ಟಿ ಗಡಿಬಿಡಿ ಇತ್ತು, ಮತ್ತ ಕೇಳಲಿಲ್ಲ.

ಯೋಗಿತಾ ಪ್ಲೇಯರ್ ಇನ್ನಷ್ಟು ಕೆಳಗ ಒತ್ತಿದಳು. ಮ್ಯಾಲ ತೊಗರಿ ಸರಿಸಿ ಸಪಾಟ ಮಾಡಿದಳು. ಈಗ ಯಾರು ಬಂದು ಹುಡುಕಿದ್ರೂ ಸಿಗೂದಿಲ್ಲ. ಆದ್ರೂ ಇನ್ನೊಮ್ಮೆ ಸಪಾಟ ಮಾಡಿದಳು.

ಎಲ್ಲಾ ಸುಮಿತ ಮಾಡಿದ ಕಿತಾಪತಿ. ಸುಮಿತ ಆಕಿಯ ಕ್ಲಾಸಿನಂವ. ಅವನ ಅಣ್ಣ ಶುಭಂ ಉಮರ್ಗಾದಾಗ ಮೊಬೈಲ್ ದುಕಾನ ಇಟ್ಟಾನ. ಊರ ಮಂದಿ ಮೆಮರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರೂದು ಅಲ್ಲಿಂದನ. ಹಂಗಾಗಿ ಹಾಡಿನ ವಿಷಯದಾಗ ಸುಮಿತ ಹೇಳಿದ್ದ ಮಾತು ನಡೀತಿತ್ತು.

ಅವತ್ತು ಸುಮಿತ ದನಿ ಸಣ್ಣ ಮಾಡಿ ಹೇಳಿದ್ದ. "ಹೊಸ ಕಾಯದಾ ಬರ್ಲತ್ತದಂತ. ಕಾಪಿರೈಟ್ ಅಂತಾರ ಅದಕ್ಕ. ಕಾಪಿ ಮಾಡಿದ ಹಾಡು ಯಾರ ಪ್ಲೇಯರದಾಗ ಇರ್ತಾವ, ಅವರ ಪ್ಲೇಯರ್ ತಗೊಂಡು ಹೋಗ್ತಾರ." ಯಾರು ತಗೊಂಡು ಹೋಗ್ತಾರ ಅಂತ ಯೋಗಿತಾ ಕೇಳಿದ್ರ ಅಂವಗೂ ಗೊತ್ತಿರಲಿಲ್ಲ. ಜೀಪದಾಗ ಬರ್ತಾರ ಅಂದ. ಜೀಪ್ ಅಂದಮ್ಯಾಲ ನಂಬಲೇಬೇಕಾಯ್ತು.

ಸುಮಿತಂದೇನು, ಅವನ ಮನ್ಯಾಗ ಟೀವಿ ಅದ, ದೊಡ್ಡ ದೊಡ್ಡ ಮೊಬೈಲ್ ಅವ. ಆಯಿಗೆ ಇರೂದು ಅದೊಂದ ಡಬ್ಬಿ.

ಆಯಿ ಅಂದ್ರ ಅಪ್ಪನ ಅವ್ವ, ಪ್ರಯಾಗಬಾಯಿ. ದಿನಾ ಮುಂಜಾನೆ ಜಳಕಾ ಮಾಡಿ, ಪಡಸಾಲ್ಯಾಗ ಚಾಪಿ ಹಾಸಿ, ಕೊರಳಾಗಿನ ಲಿಂಗ ತೆಗೆದು ಎಡಗೈ ಮ್ಯಾಲ ಇಟ್ಕೊಂಡು ಪೂಜಿಗೆ ಕೂಡ್ತಾಳ. ಬಾಜೂಕ ಕೆಂಪು ಡಬ್ಬಿ ಇರಬೇಕು. ಒಂದನೇ ಹಾಡಿಗೆ ಲಿಂಗಕ್ಕ ನೀರು. ಎರಡನೇ ಹಾಡಿನ ನಡುವ ಹಾಡಾಕಿ ಒಮ್ಮೆ ಕೆಮ್ಮತಾಳ. ಆ ಕೆಮ್ಮು ಬಂತಂದ್ರ ವಿಭೂತಿ. ಮೂರನೇ ಹಾಡಿಗೆ ಪತ್ರಿ. ಆಯಿಗೆ ಕಣ್ಣು ಮಂಜ ಆಗ್ಯಾವ, ಗಡಿಯಾರ ಕಾಣಂಗಿಲ್ಲ. ಆದ್ರ ಹಾಡು ನಡೆದಿದ್ರ ಆಕಿಯ ಕೈಗೆ ಎಲ್ಲಾ ಗೊತ್ತಾಗತಿತ್ತು.

ಯೋಗಿತಾ ಸಣ್ಣಾಕಿ ಇದ್ದಾಗ ಕೆಮ್ಮೂ ಹಾಡಿನೊಳಗಿಂದನ ಅಂತ ತಿಳಿದಿದ್ದಳು. ಒಂದು ಸಲ ಸಾಲಿ ಗ್ಯಾದರಿಂಗದಾಗ ಆ ಹಾಡು ಹಾಡಿದಾಗ ಬರೋಬ್ಬರಿ ಅದೇ ಜಾಗಾದಾಗ ಕೆಮ್ಮಿಬಿಟ್ಟಳು. ಪಾಪ, ಶುಭಾಂಗಿ ಮ್ಯಾಡಮ್ ಓಡಿ ಹೋಗಿ ನೀರು ತಂದು ಕೊಟ್ಟಿದ್ರು.

ಡಬ್ಬಿ ಹಳೇದು. ಬಟನ್ ಒತ್ತಿದ್ರ ಚಾಲೂ ಆಗ್ತಿರಲಿಲ್ಲ. ಮ್ಯಾಲಿಂದ ಒಂದು ಏಟು ಬೀಳಬೇಕು, ಆಗ ಹಾಡತಿತ್ತು. ಇಂಥ ಡಬ್ಬಿ ಯಾರು ಒಯ್ತಾರ ಅಂತ ದೊಡ್ಡವರು ಕೇಳಿಯಾರು. ಯೋಗಿತಾಗ ಹಂಗ ಅನಿಸಲಿಲ್ಲ.

ಅಡಗಿಸೋ ಚೀಲ ಆಕಿ ವಿಚಾರ ಮಾಡೇ ಆರಿಸಿದ್ದಳು. ರಾಶಿ ಆದಮ್ಯಾಲ ತುಂಬೋ ಮೊದಲನೇ ಚೀಲಕ್ಕ ಅಪ್ಪ ಮೂರು ಬೆರಳಲೇ ವಿಭೂತಿ ಹಚ್ಚತಾನ. ಆ ಚೀಲ ಬೀಜಕ್ಕ ಇಡೂದು. ಉಳಿದವು ಉಮರ್ಗಾದ ಮೋಂಢಾಕ್ಕ, ಅಂದ್ರ ಕಾಳಿನ ಬಜಾರಕ್ಕ ಹೋಗ್ತಾವ. ವಿಭೂತಿ ಚೀಲ ಮಾತ್ರ ಮಳಿಗಾಲದ ತನಕ ಮನಿ ಹೊಚ್ಚಲಾ ದಾಟೂದಿಲ್ಲ. ಪಡಸಾಲ್ಯಾಗ ಸಾಲಾಗಿ ನಿಂತ ಚೀಲದಾಗ ಒಂದರ ಮ್ಯಾಲ ಬೆಳ್ಳನ ಮೂರು ಗೆರಿ ಕಂಡವು. ಪ್ಲೇಯರ್ ಅದರೊಳಗ ಹೋಯ್ತು.

ಮರುದಿನ ಮುಂಜಾನೆ ಆಯಿ ಡಬ್ಬಿ ಹುಡುಕಿದಳು. ಗ್ವಾಡಿಯ ಮಾಡದಾಗ ಕೈ ಆಡಿಸಿದಳು, ಹಾಸಿಗಿ ಝಾಡಿಸಿದಳು. "ಎಲ್ಲಿಟ್ಟೆನೋ ಏನೋ, ನನ್ನ ತಲಿಗಿಷ್ಟು," ಅಂತ ತನ್ನನ್ನ ತಾನ ಬೈಕೊಂಡು ಹಂಗೇ ಪೂಜಿಗೆ ಕುಂತಳು.

ಯೋಗಿತಾ ಬಾಗಲಾ ಹಿಡಿದು ನಿಂತಿದ್ದಳು. ಆಯಿ ಲಿಂಗಕ್ಕ ನೀರು ಹಾಕಿದಳು. ಆಮ್ಯಾಲ ಬಲಗೈ ಹಂಗೇ ನಿಂತಿತು. ಆ ಕೈ ಏನು ಕಾಯ್ಲತ್ತದ ಅಂತ ಯೋಗಿತಾಗ ಗೊತ್ತಿತ್ತು. ತಾನ ಒಮ್ಮೆ ಕೆಮ್ಮಬೇಕು ಅನಿಸಿತು. ಆದ್ರ ಕೆಮ್ಮಿದ್ರ ಗುಟ್ಟು ಹೊರಗ ಬೀಳತಿತ್ತು. ಜೀಪ್ ಬಂದು ಹೋಗಲಿ, ಮರುದಿನನ ತೆಗೆದು ಕೊಡ್ತೀನಿ ಅಂತ ಮನಸ್ಸಿನಾಗ ಅಂದುಕೊಂಡಳು.

ಆಯಿ ಹೆಂಗೋ ಪೂಜಿ ಮುಗಿಸಿದಳು. ಏಳುವಾಗ ಮೊಳಕಾಲು ನೋವು. "ಶಿವಾ ಶಿವಾ" ಅಂತ ಬಾಜೂಕಿನ ಚೀಲದ ಮ್ಯಾಲ ಕೈ ಊರಿ ಎದ್ದಳು. ವಿಭೂತಿ ಬೆರಳು ಚೀಲದ ಮ್ಯಾಲ ಬೆಳ್ಳಗ ಮೂಡಿದವು. ಯೋಗಿತಾ ನೋಡಿದಳು, ಲಕ್ಷ್ಯ ಕೊಡಲಿಲ್ಲ. ಸಾಲಿಗೆ ಹೊತ್ತಾಗಿತ್ತು.

ಸಾಲ್ಯಾಗ ಸುಮಿತ ಮತ್ತ ಜೀಪಿನ ಕತಿ ತೆಗೆದಿದ್ದ. ಈ ಸಲ ಜೀಪು ಎರಡಾಗಿದ್ದವು. ಯೋಗಿತಾಗ ತಡಿಯಲಾಗಲಿಲ್ಲ, ಎದ್ದು ನಿಂತು ಶುಭಾಂಗಿ ಮ್ಯಾಡಮ್ಮಿಗೆ ಕೇಳೇಬಿಟ್ಟಳು.

ಮ್ಯಾಡಮ್ ನಗಲಿಲ್ಲ. ಕುರ್ಚಿ ಮುಂದಕ್ಕ ಎಳಕೊಂಡು ಕುಂತು ಸಾವಕಾಶ ಹೇಳಿದ್ರು. ಹಿಂಗ ಮಾಡೋಣ ಅಂತ ಸೂಚನಾ ಬಂದದ, ಅದು ಇನ್ನೂ ಕಾಯದಾ ಆಗಿಲ್ಲ. ಪ್ಲೇಯರ್ ಮಾಡೋರು ಪರವಾನಗಿ ಇದ್ದ ಹಾಡು ಮಾತ್ರ ಹಾಡೋ ಹಂಗ ಮಾಡಬೇಕು ಅಂತ ಕೆಲವರು ಅಂತಾರ. ಡಬ್ಬಿ ನಾವು ಕೊಂಡೀವಿ, ಅದ್ರಾಗ ಏನು ಕೇಳಬೇಕು ಅಂತ ಹೇಳಾಕ ಇವರ್ಯಾರು ಅಂತ ಹಾಡು ಕೇಳೋ ಮಂದಿ ಅಂತಾರ. ಹಾಡೋರು ಮಾತ್ರ ಒಂದ ಮಾತು ಹೇಳತಾರ: ನಮ್ಮನ್ನೂ ಒಮ್ಮೆ ಕೇಳ್ರಿ. ಇನ್ನೂ ಭಾಳ ದಿನ ಈ ವಾದ ನಡೀತದ. ಯಾರ ಮನಿಗೂ ಜೀಪ್ ಬರಂಗಿಲ್ಲ.

ಎಲ್ಲಾರೂ ಸುಮಿತನ ಕಡೆ ನೋಡಿದ್ರು. ಅಂವಾ ಪುಸ್ತಕದಾಗ ಮುಖ ಹಾಕಿದ.

ಊಟದ ಸುಟ್ಟಿ ಆಗೂದ ತಡ, ಯೋಗಿತಾ ಮನಿಗೆ ಓಡಿದಳು. ಚೀಲದಿಂದ ಡಬ್ಬಿ ತೆಗೀಬೇಕು, ಮಾಡದಾಗ ಇಡಬೇಕು, ಆಯಿ ನೋಡಿದಮ್ಯಾಲ ಏನೂ ಗೊತ್ತಿಲ್ಲದಾಕಿ ಹಂಗ ನಿಲ್ಲಬೇಕು. ಎಲ್ಲಾ ಹಾದ್ಯಾಗ ವಿಚಾರ ಮಾಡಿಟ್ಟಿದ್ದಳು.

ಪಡಸಾಲಿ ಬಟಾಬಯಲು. ಚೀಲ ಎಲ್ಲಾ ಹೋಗಿದ್ದವು. ಒಳಗ ಗ್ವಾಡಿಗೆ ಹತ್ತಿ ಒಂದ ಚೀಲ ಉಳಿದಿತ್ತು. ಅದರ ಮ್ಯಾಲ ಅಪ್ಪ ಎಳೆದ ವಿಭೂತಿ ಇತ್ತು, ಅಡ್ಡಕ್ಕ, ನೀಟಾಗಿ ಮೂರು ಗೆರಿ. ಯೋಗಿತಾ ಕೈ ಹಾಕಿ ತಳ ಮಟ ತಡಕಾಡಿದಳು. ಬರೇ ತೊಗರಿ.

ಆಗ ಆಕಿಗೆ ಮುಂಜಾನಿ ನೆನಪಾಯ್ತು. ಆಯಿ ದಿನಾ ಏಳುವಾಗ ಒಂದ ಚೀಲದ ಮ್ಯಾಲ ಕೈ ಊರತಾಳ. ತಾನು ನೋಡಿದ ವಿಭೂತಿ ಆಯಿಯ ಕೈದು, ಬೀಜದ ಚೀಲದ್ದಲ್ಲ.

ಯೋಗಿತಾ ಚೀಲದ ಬಾಜೂಕ ಕುಂತು ಅತ್ತುಬಿಟ್ಟಳು. ಆಯಿ ಗ್ವಾಡಿ ಹಿಡಕೊಂಡು ಬಂದಳು. ಆಕಿ ಬಿಕ್ಕುತ್ತ ಜೀಪು, ಕಾಯದಾ, ಚೀಲ ಎಲ್ಲಾ ಕಲಸಿ ಹೇಳಿದಳು.

"ನನ್ನ ಡಬ್ಬಿ ಒಯ್ತಾರ ಅಂತ ಅಂಜಿ ಅಡಗಿಸಿದಿ?"

"ಹೂಂ."

"ಮತ್ತ ಅಳೂದ್ಯಾಕ? ನಡಿ, ಉಮರ್ಗಾಕ್ಕ ಹೋಗೂಣು."

ಅವ್ವನ ಫೋನಿನಿಂದ ಅಪ್ಪಗ ಹಚ್ಚಿದ್ರ ಅವನ ಫೋನ್ ಮಾಡದಾಗೇ ಗುಂಯ್ ಅಂತು. ಅಪ್ಪ ಅದನ್ನ ಚಾರ್ಜಿಂಗಿಗೆ ಹಚ್ಚಿ ಅಲ್ಲೇ ಮರೆತು ಹೋಗಿದ್ದ. ಆಯಿ ಸೆರಗು ಸರಿ ಮಾಡಿಕೊಂಡಳು. ಅಜ್ಜಿ ಮೊಮ್ಮಗಳು ಹೊಂಟಿದ್ದ ಒಂದು ಆಟೋದಾಗ ಸಂದಿ ಮಾಡಿಕೊಂಡು ಕುಂತರು. ಹಾದಿ ತುಂಬ ಯೋಗಿತಾ ಉಗುರು ಕಚ್ಚತಿದ್ದಳು. ಡಬ್ಬಿ ಸಿಗಲಿಲ್ಲ ಅಂದ್ರ? ಹೊಸ ಡಬ್ಬಿ ಎಲ್ಲಿ ಬೇಕಾದ್ರೂ ಸಿಗತದ, ಆ ಹಾಡು ಎಲ್ಲಿ ಸಿಗಬೇಕು? ಕಾರ್ಡದಾಗ ಬರೇ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಅಂತ ಇದ್ದವು. ಯಾರು ಹಾಡಿದ್ದು ಅಂತ ಶುಭಂಗೂ ಗೊತ್ತಿರಲಿಲ್ಲ. ಯಾವುದೋ ಹಳೇ ಕ್ಯಾಸೆಟ್ಟಿನಿಂದ ಯಾರೋ ಇಳಿಸಿದ್ದು, ಅವರಿಂದ ಇನ್ಯಾರೋ.

ಮೋಂಢಾದಾಗ ಓಂಪ್ರಕಾಶ ಅನ್ನೋ ಅಡತಿ ವ್ಯಾಪಾರಿಯ ದುಕಾನದ ಮುಂದ ಲಾರಿ ನಿಂತಿತ್ತು. ಉದಗೀರದ ದಾಲ್ ಮಿಲ್ಲಿಗೆ ಹೋಗೋ ಲಾರಿ. ಅಂಗಳದಾಗ ಚೀಲದ ಮ್ಯಾಲ ಚೀಲ ಪೇರಿಸಿದ ಥಪ್ಪಿ. ಅಪ್ಪನ ಚೀಲ ಊರ ಮಂದಿಯ ಚೀಲದಾಗ ಕೂಡಿ ಹೋಗಿದ್ದವು.

ಸುದ್ದಿ ಕೇಳಿ ಅಪ್ಪ ಹಣಿ ಹಣಿ ಬಡಕೊಂಡ. "ಬಾಯಿ ಹೊಲಿದದ್ದು ನಾನ. ಒಂದು ಚೀಲಾನೂ ನೋಡಲಿಲ್ಲಲ್ಲ," ಅಂದ. ವಿಭೂತಿ ಗುರುತು ಹುಡುಕಿದ್ರ, ಹಮಾಲರ ಬೆನ್ನಿಗೆ ತಿಕ್ಕಿ ಎಲ್ಲಾ ಅಳಿಸಿ ಹೋಗಿತ್ತು.

ಆಯಿ ಸುಮ್ಮನ ನಿಲ್ಲಲಿಲ್ಲ. ಮನ್ಯಾಗ ಡಬ್ಬಿಗೆ ಏಟು ಹಾಕೋ ಹಂಗ ಒಂದೊಂದ ಚೀಲಕ್ಕ ಅಂಗೈಲೇ ಏಟು ಹಾಕುತ್ತ ಹೊಂಟಳು. ಹಮಾಲರು ಬಾಯಿಗೆ ಟಾವೆಲ್ ಹಿಡಕೊಂಡು ನಕ್ಕರು. ಯಾವ ಚೀಲಾನೂ ಹಾಡಲಿಲ್ಲ.

"ಏಟು ಒಳಗ ಮುಟ್ಟಂಗಿಲ್ಲ ಆಯಿ," ಅಂದಳು ಯೋಗಿತಾ. ಆಮ್ಯಾಲ ಧೈರ್ಯ ಮಾಡಿ ಓಂಪ್ರಕಾಶನ ಕಡೆ ತಿರುಗಿದಳು. "ಕಾಕಾ, ಎತ್ತಿ ಎತ್ತಿ ಕೆಡವ್ತಾರೇನ್ರೀ?"

ಓಂಪ್ರಕಾಶ ಲಾರಿಯ ಕಡೆ ನೋಡಿದ, ಆಯಿಯ ಕಡೆ ನೋಡಿದ. ಹ್ಯಾಂಗೂ ಎತ್ತೋ ಚೀಲ, ಎತ್ತುವಾಗ ಒಮ್ಮೆ ಕೆಡವಿ ಎತ್ರಿ ಅಂತ ಹಮಾಲರಿಗೆ ಹೇಳಿದ.

ಧಪ್. ಏನಿಲ್ಲ. ಧಪ್. ಏನಿಲ್ಲ. ಲಾರಿ ಅರ್ಧ ತುಂಬಿತು. ಯೋಗಿತಾ ಒಂದೊಂದ ಚೀಲಕ್ಕೂ ಕಿವಿ ಹಚ್ಚತಿದ್ದಳು, ಕಿವಿ ತುಂಬ ಧೂಳಾಯ್ತು. ಧಪ್.

ಚೀಲ ಹಾಡಿತು.

ಹಮಾಲ ಅಂಜಿ ಎರಡು ಹೆಜ್ಜಿ ಹಿಂದಕ್ಕ ಸರಿದ. ದನಿ ಸಣ್ಣದು, ಹೊಚ್ಚಿಕೊಂಡು ಮಲಗಿದವರು ಮಾತಾಡಿದಂಗ. ಆದ್ರ ಆಯಿಗೆ ಅಷ್ಟ ಸಾಕಾಯ್ತು. ಆಕಿಯ ಮುಖ ನೋಡಿದ ಯೋಗಿತಾಗ ಹೋದ ಜೀವ ಬಂದಂಗಾಯ್ತು. ಅಪ್ಪ ಹೊಲಿಗಿ ಬಿಚ್ಚಿದ. ಬಿದ್ದ ಏಟಿಗೆ ಡಬ್ಬಿ ಎತ್ತ ಸರಿದಿತ್ತೋ, ಕೈಗೆ ಸಿಗಲಿಲ್ಲ. ಕಡೀಕ ತಾಡಪತ್ರಿ ಹಾಸಿ ತೊಗರಿ ಸುರಿಯಬೇಕಾಯ್ತು. ಅಷ್ಟರಾಗ ಒಂದನೇ ಹಾಡು ಮುಗಿದು ಎರಡನೇದು ಚಾಲೂ ಆಗಿತ್ತು. ತೊಗರಿಯ ಸಂಗಾಟ ಕೆಂಪು ಡಬ್ಬಿ ಜಾರಿ ಬಂತು. ಬರೂದಕ್ಕೂ ಕೆಮ್ಮೂದಕ್ಕೂ ಬರೋಬ್ಬರಿ ಆಯ್ತು.

ಆಯಿಯ ಬಲಗೈ ಮೂರು ಬೆರಳು ಕೂಡಿಸಿ ತಾನಾಗೇ ಮ್ಯಾಲೆದ್ದಿತು. ಬಜಾರದ ನಡುವ ನಿಂತೀನಿ ಅಂತ ನೆನಪಾಗಿ ನಾಚಿ ಇಳಿಸಿದಳು.

ದುಕಾನದ ಕಟ್ಟಿ ಮ್ಯಾಲ ಓಂಪ್ರಕಾಶನ ಅವ್ವ ಕುಸುಮಬಾಯಿ ಮೊರದಾಗ ವಟಾಣಿ ಸುಲಿಯುತ್ತ ಕುಂತಿದ್ರು. ಅವರು ಎದ್ದು ನಿಂತರು. ಮೊರ ಜಾರಿ ವಟಾಣಿ ಕಾಳು ಕಟ್ಟಿ ತುಂಬ ಉರುಳಿದವು. ಅವರು ನೋಡಲಿಲ್ಲ.

"ಅದನ್ನ ಇನ್ನೊಮ್ಮೆ ಹಚ್ಚು, ಮಗಳಾ," ಅಂದ್ರು.

ಯೋಗಿತಾ ಮತ್ತೊಮ್ಮೆ ಹಚ್ಚಿದಳು. ಕುಸುಮಬಾಯಿ ಹಂತ್ಯಾಕ ಬಂದು ತಲಿ ಬಾಗಿಸಿ ಕೇಳಿದ್ರು. ಕೆಮ್ಮು ಬಂದಾಗ ಅವರಿಗೆ ನಗು ಬಂತು, ನಗುವಿನ ಸಂಗಾಟ ಕಣ್ಣೀರೂ ಬಂತು.

"ಆ ಕೆಮ್ಮು ನಂದು," ಅಂದ್ರು.

ಓಂಪ್ರಕಾಶ ಗಾಬರಿ ಆದ. ಇಷ್ಟು ವರ್ಷದಾಗ ತನ್ನ ಅವ್ವ ಹಾಡಿದ್ದು ಅಂವಾ ಕೇಳಿರಲಿಲ್ಲ. ಕುಸುಮಬಾಯಿ ಸೆರಗಲೇ ಕಣ್ಣು ಒರಿಸಿಕೊಂಡು ಎಲ್ಲಾ ಹೇಳಿದ್ರು. ಉದಗೀರದಾಗ ಅವರ ತವರು. ಓಂಪ್ರಕಾಶ ತೊಡಿ ಮ್ಯಾಲ ಆಡೋ ಕೂಸಿದ್ದಾಗ, ಓಣಿಯ ಗುಡಿಯಾಗ ಸೋಮವಾರ ಭಜನಿ ನಡೀತಿತ್ತು. ಸಂಬಂಧಿಕರು ಯಾರೋ ಹೈದರಾಬಾದಿನಿಂದ ಟೇಪ್ ರೆಕಾರ್ಡರ್ ತಂದು ನಡುವ ಇಟ್ಟರು. ಅವತ್ತು ಊದಿನಕಡ್ಡಿ ಹೊಗಿ ಭಾಳ, ಹಾಡಿನ ನಡುವ ಕೆಮ್ಮು ಬಂತು. ಮತ್ತೊಮ್ಮೆ ಹಾಡ್ತೀನಿ ಅಂದ್ರ ಕ್ಯಾಸೆಟ್ ಮುಗಿದಿತ್ತು. ಆ ಕ್ಯಾಸೆಟ್ ಅವರ ಕೈಗೆ ಬರಲೇ ಇಲ್ಲ. ಇವರು ಒಯ್ದರು, ಅವರು ಒಯ್ದರು. ತಮ್ಮ ಹಾಡನ್ನ ಅವರು ಇವತ್ತ ಮೊದಲ ಸಲ ಕೇಳಿದ್ದು.

ಎಲ್ಲಾರೂ ಬಾಯಿ ತೆಗೆದು ಕೇಳ್ಲತ್ತಿದ್ರು. ಯೋಗಿತಾಗ ಮಾತ್ರ ಮ್ಯಾಡಮ್ ಹೇಳಿದ ಮಾತು ನೆನಪಾಯ್ತು. ಜೀಪ್ ಬರಂಗಿಲ್ಲ, ಖರೆ. ಆದ್ರ ಹಾಡಿದಾಕಿನ ಎದುರಿಗೆ ಬಂದು ನಿಂತಾಳ. ನಮ್ಮನ್ನೂ ಒಮ್ಮೆ ಕೇಳ್ರಿ ಅಂದವರು ಇವರಂಥವರನ ಇರಬೇಕು. ಆಕಿ ಡಬ್ಬಿ ಬೆನ್ನ ಹಿಂದ ಹಿಡಕೊಂಡಳು. ಹಂಗ ಹಿಡಕೊಂಡು ನಿಲ್ಲೂದೂ ಚಂದ ಅನಿಸಲಿಲ್ಲ. ಮುಂದಕ್ಕ ಚಾಚಿದಳು.

"ನಾವು ನಿಮ್ಮನ್ನ ಕೇಳಿಲ್ರೀ," ಅಂದಳು. "ಇಟ್ಕೊಳ್ಳೂದು ಬ್ಯಾಡ ಅಂದ್ರ, ಅಳಿಸ್ತೀವ್ರಿ."

ಅಂದಮ್ಯಾಲ ಆಯಿಯ ಮುಖ ನೋಡೋ ಧೈರ್ಯ ಆಗಲಿಲ್ಲ.

ಕುಸುಮಬಾಯಿ ಡಬ್ಬಿ ಕೈಗೆ ತಗೊಂಡ್ರು. "ಯಾರೂ ಕೇಳಿಲ್ಲವ್ವಾ," ಅಂದ್ರು. "ಹಾಡು ಹಿಂದಿನವರದು, ಇರಲಿ. ಧ್ವನಿ ನಂದಲ್ಲ? ಒಬ್ಬರೂ ನನ್ನ ಹೆಸರು ಬರೀಲಿಲ್ಲ." ಹೇಳುವಾಗ ಅವರ ಮುಖ ಸಣ್ಣದಾಯ್ತು. ಅದು ಸಿಟ್ಟಲ್ಲ, ನೋವು ಅಂತ ಯೋಗಿತಾಗ ತಿಳೀತು. ಬ್ಯಾರೆ ಓಣಿಗೆ ಆಡಾಕ ಹೋದಾಗ ಹುಡುಗರು ಹೆಸರು ಹಿಡೀಲಾರದ "ಏ ಹುಡುಗೀ" ಅಂತ ಕರೆದಾಗ ತನಗೂ ಹಂಗ ಆಗಿತ್ತು.

ಆಮ್ಯಾಲ ಕುಸುಮಬಾಯಿ ಆಯಿಯನ್ನ ಕೇಳಿದ್ರು, "ದಿನಾ ಕೇಳ್ತೀರೇನ್ರೀ ಇದನ್ನ?"

"ದಿನಾ ರೀ. ನೀವು ಕೆಮ್ಮೂತನಕ ನನ್ನ ಕೈ ವಿಭೂತಿಗೆ ಹೋಗೂದಿಲ್ಲ."

ಕುಸುಮಬಾಯಿ ಒಂದು ಕ್ಷಣ ಆಯಿಯನ್ನ ನೋಡಿದ್ರು, ಆಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕರು. ನಕ್ಕು ನಕ್ಕು ಖರೇನ ಕೆಮ್ಮು ಬಂತು. ಅದೇ ಕೆಮ್ಮು, ಸ್ವಲ್ಪ ವಯಸ್ಸಾಗಿತ್ತು ಅಷ್ಟ. ಅವರು ಡಬ್ಬಿಯನ್ನ ಯೋಗಿತಾನ ಕೈಯಾಗ ಇಟ್ಟು ಆಕಿಯ ಬೆರಳು ಮಡಚಿದ್ರು.

"ಈಗ ನೀ ಕೇಳಿದಿ, ನಾ ಕೊಟ್ಟೀನಿ. ಯಾರಾದ್ರೂ ವಿಚಾರಿಸಿದ್ರ, ಉದಗೀರದ ಕುಸುಮಬಾಯಿ ಹಾಡ್ಯಾಳ ಅಂತ ಹೇಳು."

ಓಂಪ್ರಕಾಶಗ ಹುರುಪು ಬಂತು. ಮೊಬೈಲ್ ತೆಗೆದು, ಅವ್ವಾ, ಕೆಮ್ಮಿಲ್ಲದಂಗ ಇನ್ನೊಮ್ಮೆ ಹಾಡು, ಛಂದ ರೆಕಾರ್ಡ್ ಮಾಡೋಣ ಅಂದ. ಕುಸುಮಬಾಯಿ ಒಂದು ಸಾಲು ಹಾಡಿದ್ರು. ಎರಡನೇ ಸಾಲಿಗೆ ದನಿ ಒಡೀತು. ಕೈ ಅಲ್ಲಾಡಿಸಿ ಸಾಕು ಅಂದ್ರು. ಆಯಿ ಅವರ ಕೈ ಹಿಡಕೊಂಡು, ಕೆಮ್ಮು ತೆಗೆದ್ರ ನನಗ ನಡೀಯಂಗಿಲ್ರೀ ಅಂದಳು.

ಹೊಂಡುವಾಗ ಕುಸುಮಬಾಯಿ ಯೋಗಿತಾನ ಕಿವಿಯಾಗ ಏನೋ ಕೇಳಿದ್ರು, ಸಣ್ಣ ಹುಡುಗಿ ಹಂಗ ನಾಚಿ. ಅವರಿಗೂ ಒಂದು ಕಾಪಿ ಬೇಕಿತ್ತು. ಯೋಗಿತಾ ಕಾರ್ಡ್ ತೆಗೆದು ಓಂಪ್ರಕಾಶನ ಮೊಬೈಲಿಗೆ ಹಾಕಿ ಹಾಡು ಇಳಿಸಿಕೊಟ್ಟಳು. ಟ್ರ್ಯಾಕ್ ಎರಡು ಅಂತ ಇದ್ದದ್ದನ್ನ ಅಳಿಸಿ, ಎರಡೂ ಕಡೆ 'ಕುಸುಮಬಾಯಿ' ಅಂತ ಟೈಪ್ ಮಾಡಿದಳು.

ಮರುದಿನ ಮುಂಜಾನೆ ಆಯಿ ಪೂಜಿಗೆ ಕುಂತಳು. ಡಬ್ಬಿಗೆ ಏಟು ಹಾಕಾಕ ಕೈ ಎತ್ತಿದಾಕಿ ತಡೆದಳು. ಸಾವಕಾಶ ಬಟನ್ ಒತ್ತಿದಳು. ಡಬ್ಬಿ ಪಿಟ್ ಅನ್ನಲಿಲ್ಲ.

"ತಪ್ಪು ತಿಳೀಬ್ಯಾಡ್ರಿ, ಕುಸುಮಬಾಯಿ," ಅಂತ ಹೇಳಿ ಒಂದು ಏಟು ಹಾಕಿದಳು.

ಹಾಡು ಚಾಲೂ ಆಯ್ತು. ಯೋಗಿತಾ ಒಂದು ಜಡಿ ಹೆಣಕೊಂಡು, ಇನ್ನೊಂದು ಬಿಚ್ಚಿಕೊಂಡು ಬಾಗಲದಾಗ ನಿಂತು ಕೇಳಿದಳು. ಲಿಂಗಕ್ಕ ನೀರು ಬಿತ್ತು. ಎರಡನೇ ಹಾಡು ಬಂತು. ಕೆಮ್ಮೂ ಬಂತು. ಆಯಿಯ ಬೆರಳು ವಿಭೂತಿಗೆ ಹೋದವು.

ಯೋಗಿತಾ ಅಡಗಿಮನಿಗೆ ಹೋಗಿ ಸಣ್ಣ ತಂಬಿಗಿಯಾಗ ನೀರು ತಂದಳು. ಆಯಿಯ ಕಣ್ಣು ಮುಚ್ಚಿದ್ದವು. ಸಪ್ಪಳ ಆಗದಂಗ ತಂಬಿಗಿಯನ್ನ ಕೆಂಪು ಡಬ್ಬಿಯ ಬಾಜೂಕ ಇಟ್ಟು, ಹಾಡು ಮುಗಿಯೂತನಕ ಅಲ್ಲೇ ಕುಂತಳು.